ಚಳಿ ಬಿಡದ ಸ್ಕೂಟರ್

ಹೂವಿನಹಡಗಲಿಯಲ್ಲಿ ನಮ್ಮ ನೆರೆಮನೆಯಲ್ಲಿದ್ದವರು ಮಲ್ಲಿಗೆ ವ್ಯಾಪಾರಿ. ತೊಂಬತ್ತರ ದಶಕದಲ್ಲಿ ಅವರ ಬಳಿ ಒಂದು ಹಳೆಯ ಸ್ಕೂಟರಿತ್ತು. ದಿನಾ ಬೆಳಿಗ್ಗೆ ಅದನ್ನು ಮೂರು ಸಲ ಎಡಕ್ಕೆ ವಾಲಿಸಿ, ಕಿಕ್ ಹೊಡೆದು, ಕಾಲು ಗಂಟೆ ನಿಂತಲ್ಲೇ ಗುಡುಗಿಸುತ್ತಿದ್ದರು. ನಡುನಡುವೆ ಮಗುವಿನ ಜ್ವರ ನೋಡುವಂತೆ ಇಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಡುವರು. ಕೇಳಿದವರಿಗೆಲ್ಲ ಒಂದೇ ಉತ್ತರ: "ಇನ್ನ ಚಳಿ ಬಿಟ್ಟಿಲ್ರಿ." ಆರು ಗಂಟೆಗೇ ಅಂಗಿ ಬೆವರಿಗೆ ಅಂಟುವ ಏಪ್ರಿಲ್‌ನಲ್ಲೂ ಈ ಮಾತು ಬದಲಾಗಲಿಲ್ಲ.

ಅಂಥ ಒಂದು ಬೆಳಿಗ್ಗೆ ಅವರ ಮೊಗ್ಗಿನ ಬುಟ್ಟಿ ದಾವಣಗೆರೆ ಬಸ್ಸಿಗೆ ಹೋಗಬೇಕಿತ್ತು. ಬಸ್ಸು ತಪ್ಪಿದರೆ ಮೊಗ್ಗೆಲ್ಲ ಬುಟ್ಟಿಯಲ್ಲೇ ಅರಳುತ್ತದೆ, ಕೊಳ್ಳುವವರಿರುವುದಿಲ್ಲ. ಅದೇ ಬಸ್ಸಿನಲ್ಲಿ ಪತ್ರಿಕೆಗೆ ಸುದ್ದಿಯ ಕವರ್ ಕಳಿಸಲು ನಾನೂ ಅವರ ಸ್ಕೂಟರಿಗಾಗಿ ಕಾಯುತ್ತಿದ್ದೆ.

"ಬಸ್ ಹೊಂಡೋ ಹೊತ್ತಾತ್ರಿ," ಎಂದರು ಅವರ ಹೆಂಡತಿ.

"ತಡಿ. ತಣ್ಣನ ಇಂಜಿನ್ ಓಡಿಸಿದ್ರ ಅದರ ಆಯುಷ್ಯ ಕಮ್ಮಿ ಆಕ್ಕತಿ."

"ಹೂವಿನ ಆಯುಷ್ಯ?" ಎಂದವರೇ ಆಕೆ ಬುಟ್ಟಿಯನ್ನು ತಲೆಗೇರಿಸಿ, ನನ್ನ ಕೈಯ ಕವರನ್ನೂ ಇಸಿದುಕೊಂಡು ನಡೆದೇಬಿಟ್ಟರು.

"ದಾರ್ಯಾಗ ಸಿಗ್ತಾಳ, ಹತ್ತಿಸ್ಕಂಡ್ರಾತು," ಎಂದು ಇವರು ಮತ್ತೆ ಮುಚ್ಚಳ ಮುಟ್ಟಿ ನೋಡಿದರು.

ಕೊನೆಗೂ ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟರು. ಅರ್ಧ ದಾರಿಯಲ್ಲಿ ದಾವಣಗೆರೆ ಬಸ್ಸು ನಮ್ಮೆದುರಿನಿಂದಲೇ ಬಂದು ಹಾದುಹೋಯಿತು. ಅದರ ಧೂಳಿನ ಹಿಂದೆ ಆಕೆ ಬರಿಗೈಯಲ್ಲಿ ಬರುತ್ತಿದ್ದರು.

"ಬುಟ್ಟಿ?"

"ಏರಿಸಿದೆ. ಇವರ ಕವರೂ ಕಂಡಕ್ಟರ್ ಕೈಯಾಗ ಕೊಟ್ಟೆ."

ನಾನು ಜಾಗ ಬಿಟ್ಟು ಇಳಿದೆ. ಅವರು ಹಿಂದಿನ ಸೀಟನ್ನು ಟವೆಲಿನಿಂದ ಒರೆಸಿದರು. "ಬಾ, ಹತ್ತು. ಈಗ ನೋಡು, ಗಾಡಿ ಹೆಂಗ ಓಡ್ತೈತಿ!"

ಆಕೆ ನಿಲ್ಲಲೂ ಇಲ್ಲ. "ಬ್ಯಾಡ್ರಿ, ನನಗ ಅವಸರ ಐತಿ."