ಚೀಲದ ಬಾಯಿ ನೋಡಿದ ಮಾಸ್ತರ

“ಈ ವಿಷಯ ಬೇಕಂತ ಮಕ್ಕಳು ಹೇಳ್ಯಾರೇನ್ರಿ ಸರ?”

ಮಗಳ ಅರ್ಜಿ ಹಿಡಿದು ಬಂದಿದ್ದ ಗಂಗಾವತಿ ಭತ್ತದ ಮಾರುಕಟ್ಟೆಯ ಹಮಾಲರೊಬ್ಬರು ಕೇಳಿದರು. ನಮ್ಮ ವಿಶ್ವವಿದ್ಯಾಲಯದ ಪದವಿ ತರಗತಿಗೆ ಸಂಖ್ಯಾಶಾಸ್ತ್ರವನ್ನು ಮೈನರ್ ವಿಷಯವಾಗಿ ತಂದವನು ನಾನೇ. ಸಮೀಕ್ಷೆ ಮಾಡಿಯೇ ತಂದಿದ್ದೇನೆ ಎಂದೆ.

“ಯಾರನ್ನ ಕೇಳಿದ್ರಿ?”

“ಮುಂದಿನ ಬೆಂಚಿನವರನ್ನ. ಎಲ್ಲಾರೂ ಬೇಕಂದ್ರು.”

ಅವರು ನಕ್ಕುಬಿಟ್ಟರು. “ಚೀಲದ ಬಾಯಾಗಿನ ಭತ್ತ ಅಷ್ಟ ನೋಡೀರಿ ಬಿಡ್ರಿ. ನಮ್ಮಲ್ಲಿ ತಳದತನಕ ಕೊಳವಿ ಚುಚ್ಚಿ ಕಾಳು ತಗದು ನೋಡದೆ ಧಾರಣಿ ಹೇಳಂಗಿಲ್ಲ.”

ಮಾದರಿ ಆಯ್ಕೆಯ ಪಾಠವನ್ನು ವರ್ಷವರ್ಷವೂ ಹೇಳುವ ನಾನು ಅವರ ಕೈಯಿಂದ ಅರ್ಜಿ ತೆಗೆದುಕೊಂಡು ಮೇಜಿನ ಮೇಲಿಟ್ಟೆ.

ಕೊನೆಯ ದಿನ ಮುಗಿದರೂ ಬೇಕೆಂದವರಲ್ಲಿ ಒಬ್ಬರೂ ಅರ್ಜಿ ಹಾಕಲಿಲ್ಲ. ಮೇಜಿನ ಮೇಲಿರುವುದು ಆ ಹಮಾಲರ ಮಗಳದೊಂದೇ. ಅವಳು ಕೊನೆಯ ಬೆಂಚಿನವಳು. ಅವಳನ್ನು ನಾನು ಕೇಳಿರಲೇ ಇಲ್ಲ. ಇಷ್ಟು ಓಡಾಡಿ ಈ ವಿಷಯವನ್ನು ಯಾರಿಗಾಗಿ ತಂದೆನೋ, ನನಗಿನ್ನೂ ತಿಳಿಯುತ್ತಿಲ್ಲ.