ಲಕ್ಷ್ಮಿ ಪಕ್ಕದ ಡಾಲರ್

ನಮ್ಮ ಯಶೋದಕ್ಕನಿಗೆ ಡಾಲರ್ ಮೇಲಿದ್ದಷ್ಟು ಭಕ್ತಿ ಯಾವ ದೇವರ ಮೇಲೂ ಇರಲಿಲ್ಲ ಎಂದರೆ ನನ್ನನ್ನು ಹೊಡೆಯಲು ಬರುತ್ತಾರೆ. ಆದರೆ ಹೊಸಹಳ್ಳಿಯ ಅವರ ಊದುಬತ್ತಿ ಶೆಡ್ಡಿಗೆ ಬಂದವರೆಲ್ಲ ನೋಡಿದ್ದಾರೆ. ಗೋಡೆಯ ಮೇಲೆ ಲಕ್ಷ್ಮಿ ಫೋಟೊ, ಅದಕ್ಕೆ ಅಂಟಿಕೊಂಡಂತೆ ಕಟ್ಟು ಹಾಕಿಸಿದ ಒಂದು ಡಾಲರ್ ನೋಟು. ಮೊದಲ ಸಲ ಹೊರದೇಶದಿಂದ ಬಂದ ಗಿರಾಕಿಯೊಬ್ಬ, ಎಲ್ಲರೂ ಮಂಗಳಾರತಿ ತಟ್ಟೆಗೆ ಕಾಸು ಹಾಕುವುದನ್ನು ಕಂಡು ತಾನೂ ಹಾಕಿದ್ದ ನೋಟು ಅದು. ಪ್ರತಿ ಶುಕ್ರವಾರ ಲಕ್ಷ್ಮಿಗೆ ಕುಂಕುಮ ಇಟ್ಟ ಬೆರಳಲ್ಲೇ ಅದಕ್ಕೂ ಇಡುತ್ತಿದ್ದರು.

ಗಂಡ ತೀರಿಕೊಂಡ ಮೇಲೆ ಒಬ್ಬರೇ ಕೂತು ಕಡ್ಡಿ ಹೊಸೆಯುತ್ತಾ ಕೆಲಸ ಶುರುಮಾಡಿದವರು ಯಶೋದಕ್ಕ. ಬೈಗುಳ ಧಾರಾಳ, ಊಟ ಅದಕ್ಕಿಂತ ಧಾರಾಳ. ನನ್ನ ಮನೆಯಲ್ಲಿ ಒಲೆ ಹೊತ್ತಿಸುವುದೇ ಕಷ್ಟವಾಗಿದ್ದಾಗ ಪ್ಯಾಕಿಂಗಿಗೆ ಕರೆದರು, ಆಮೇಲೆ ಆಫೀಸಿನ ಕೆಲಸವನ್ನೂ ಕಲಿಸಿದರು. ಆ ಋಣ ತೀರುವಂಥದ್ದಲ್ಲ.

ನಮ್ಮ ಮುಕ್ಕಾಲು ಮಾಲು ಕೊಳ್ಳುತ್ತಿದ್ದವನು ಕೊಲಂಬೊದ ವ್ಯಾಪಾರಿ ಸಂಪತ್. ಅವರ ದೇಶದಲ್ಲಿ ಡಾಲರಿಗೆ ಬರ ಬಂತು. ಔಷಧಿಗೂ ಪೆಟ್ರೋಲಿಗೂ ಸಾಲದ ಡಾಲರನ್ನು ಊದುಬತ್ತಿಗೆ ಯಾರು ಕೊಡುತ್ತಾರೆ? ತುಂಬಿದ ಪೆಟ್ಟಿಗೆಗಳು ಶೆಡ್ಡಿನಲ್ಲೇ ನಿಂತವು. ಕೊನೆಗೆ ಸಂಪತ್ ಫೋನ್ ಮಾಡಿ, ನಿಮ್ಮ ಭಾರತದ ರೂಪಾಯಿಯಲ್ಲೇ ಕೊಡುತ್ತೇನೆ, ಒಪ್ಪಿಕೊಳ್ಳಿ ಎಂದ.

"ಬೇಡ ಅಂತ ಹೇಳೇ ಲತಾ," ಎಂದರು ಅಕ್ಕ. "ಫಾರಿನ್ನವನು ರೂಪಾಯಿ ಕೊಡ್ತೀನಿ ಅಂದ್ರೆ ಎಲ್ಲೋ ಎಡವಟ್ಟಿದೆ. ಅವನಿಗೆಲ್ಲಿಂದ ಬರುತ್ತೆ ನಮ್ಮ ರೂಪಾಯಿ?"

ನನಗೆ ಸಿಟ್ಟೇ ಬಂತು. "ಅಕ್ಕಾ, ಈ ಮಾಲು ಹೋಗ್ಲಿಲ್ಲ ಅಂದ್ರೆ ಶೆಡ್ ಮುಚ್ಚಬೇಕು. ನಾವೆಲ್ಲ ಎಲ್ಲಿಗೆ ಹೋಗೋಣ? ಬ್ಯಾಂಕಲ್ಲಿ ಒಂದ್ಮಾತು ಕೇಳೋಣ ಬನ್ನಿ."

ಬ್ಯಾಂಕಿನ ಮ್ಯಾನೇಜರ್ ನಾಗೇಂದ್ರ ಎಲ್ಲ ಕೇಳಿಸಿಕೊಂಡು ನಕ್ಕರು. "ಯಶೋದಮ್ಮನೋರೇ, ಪಲಾವಿಗೆ ಚಕ್ಕೆ ಹಾಕ್ತೀರಾ?"

"ಹಾಕ್ದೆ ಇರ್ತೀವಾ ಸಾರ್?"

"ಒಳ್ಳೆ ಚಕ್ಕೆ ಅವರ ದೇಶದಿಂದಾನೇ ಬರುತ್ತೆ. ಅದಕ್ಕೆ ನಮ್ಮವರು ರೂಪಾಯಿ ಕೊಟ್ರೆ, ಅದು ಅವರ ಬ್ಯಾಂಕಿನ ಖಾತೆಗೆ ಇಲ್ಲೇ ಜಮಾ ಆಗುತ್ತೆ. ಅದರಲ್ಲೇ ನಿಮಗೆ ಕೊಡ್ತಾರೆ. ರಿಸರ್ವ್ ಬ್ಯಾಂಕೇ ಇದಕ್ಕೆ ದಾರಿ ಮಾಡಿದೆ. ಬೇರೆ ದೇಶಗಳೂ ತಮ್ಮ ತಮ್ಮ ದುಡ್ಡಲ್ಲೇ ವ್ಯಾಪಾರ ಮಾಡೋಕೆ ನೋಡ್ತಾ ಇವೆ. ಪ್ರಪಂಚವೆಲ್ಲ ಒಂದೇ ನೋಟು ನಂಬ್ಕೊಂಡು ಕೂತ್ರೆ, ಅದು ಸಿಗದೇ ಇದ್ದಾಗ ಹಿಂಗೇ ಪರದಾಟ."

ಅಕ್ಕ ಬೆರಳು ಮಡಚಿ ಲೆಕ್ಕ ಹಾಕಿದರು. "ಅಂದ್ರೆ ನಾವು ತಿಂದ ಪಲಾವೇ ತಿರುಗಿ ಬರುತ್ತೆ ಅನ್ನಿ!"

ಮಾಲು ಹೋಯಿತು, ಹಣ ಬಂತು. ಅಕ್ಕ ನಾಗೇಂದ್ರರಿಗೂ ಸಂಪತ್‌ಗೂ ಫೋನಿನಲ್ಲೇ ಕೈಮುಗಿದರು. ಆ ಶುಕ್ರವಾರ ಎಲ್ಲರಿಗೂ ಪಲಾವ್, ಚಕ್ಕೆ ಸ್ವಲ್ಪ ಜಾಸ್ತಿಯೇ ಬಿದ್ದಿತ್ತು. ಪೂಜೆಗೆ ನಿಂತಾಗ ನಾನು ರೇಗಿಸಿದೆ.

"ಡಾಲರನ್ನ ಇನ್ನು ಕೆಳಗಿಳಿಸ್ಬಿಡೋಣ್ವಾ ಅಕ್ಕಾ?"

"ಬಾಯ್ಮುಚ್ಚೇ. ಇಷ್ಟು ವರ್ಷ ನಮಗೆಲ್ಲ ಅನ್ನ ಹಾಕಿದೆ ಅದು."

ಎಂದಿನಂತೆ ಅದಕ್ಕೂ ಕುಂಕುಮ ಇಟ್ಟರು. ಆಮೇಲೆ ಸುತ್ತಿಗೆ ಹಿಡಿದು, ಡಾಲರಿನ ಮೊಳೆ ಕಿತ್ತು ಗೇಣು ದೂರಕ್ಕೆ ಹೊಡೆದರು. ಮಧ್ಯದ ಜಾಗಕ್ಕೆ ಹೊಸದಾಗಿ ಕಟ್ಟು ಹಾಕಿಸಿದ್ದ ಹತ್ತು ರೂಪಾಯಿ ನೋಟು ಬಂತು.

"ಸ್ವಲ್ಪ ಸರಿದು ಕೂರ್ಲಿ, ಅಷ್ಟೇ. ಇನ್ನೊಬ್ರಿಗೂ ಜಾಗ ಬೇಕಲ್ಲ," ಎಂದರು.

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನನ್ನು ಊಟದ ಸಾಲಿನಲ್ಲಿ ಕೂರಿಸುವಾಗ ಉಳಿದ ಹೆಂಗಸರಿಗೆ ಅವರು ಹೇಳಿದ್ದೂ ಇದೇ ಮಾತು.