ಮಾವನವರಿಗೂ ನನಗೂ ಒಂದೇ ಫೋಲ್ಡರ್

ನಮ್ಮ ಮನೆಯಲ್ಲಿ ಮಾವನವರೂ ನಾನೂ ನೇರವಾಗಿ ಮಾತಾಡುತ್ತಿದ್ದದ್ದು ಕಡಿಮೆ. ಅವರು ಉತ್ತರ ಕರ್ನಾಟಕದವರು. ಸೊಸೆ ಮಾವನ ಎದುರು ನಿಂತು ಮಾತಾಡಬಾರದೆಂಬುದು ಅವರ ಮನೆತನದ ರೂಢಿ. ನಾನು ಬನಶಂಕರಿಯಲ್ಲಿ ಬೆಳೆದವಳು, ಆಟೋದವರನ್ನೂ ಮಾತಾಡಿಸದೆ ಬಿಡುವವಳಲ್ಲ. ಮದುವೆಯಾದ ಹೊಸದರಲ್ಲಿ ಈ ಮೌನಕ್ಕೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಆಮೇಲೆ ಒಗ್ಗಿಹೋಯಿತು. ಹೇಳಬೇಕಾದದ್ದನ್ನು ನನ್ನ ಗಂಡನ ಕೈಲಿ ಹೇಳಿಸುತ್ತಿದ್ದೆವು. ಉತ್ತರಹಳ್ಳಿಯ ಆ ಪುಟ್ಟ ಮನೆಯಲ್ಲಿ ಅವರೇ ನಮ್ಮ ಪೋಸ್ಟ್‌ಮ್ಯಾನ್.

ನಾನು ಮನೆಯಲ್ಲೇ ಪುಸ್ತಕಗಳ ಡಿಟಿಪಿ ಮಾಡುತ್ತೇನೆ. ಮಾವನವರು ನಿವೃತ್ತ ಕನ್ನಡ ಮೇಷ್ಟ್ರು. ಅತ್ತೆ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದರು, ನಾನು ಟೈಪ್ ಮಾಡಿದ ಕರಡು ತಿದ್ದುವುದು ಅವರ ಕೆಲಸವಾಯಿತು. ನನ್ನದು ವಿಂಡೋಸ್. ಅವರ ಹಳೇ ಕಂಪ್ಯೂಟರ್ ವಿಂಡೋಸ್ ಹೊರಲಾರದೆ ಏದುಸಿರು ಬಿಡುತ್ತಿತ್ತೆಂದು ಗಂಡ ಅದಕ್ಕೆ ಲಿನಕ್ಸ್ ಹಾಕಿಕೊಟ್ಟಿದ್ದರು. ಎರಡರ ಕುಲ ಬೇರೆ, ವೈಫೈ ಒಂದೇ. ನನ್ನ ಒಂದು ಫೋಲ್ಡರ್ ಅವರ ಕಂಪ್ಯೂಟರಿನಲ್ಲೂ ತೆರೆಯುವಂತೆ ಮಾಡಿದ್ದಾಯಿತು. ನಾನು ಅಧ್ಯಾಯ ಇಟ್ಟರೆ ಅವರು ತಪ್ಪುಗಳಿಗೆ ಹಳದಿ ಬಳಿದು ಅಲ್ಲೇ ಸೇವ್ ಮಾಡುತ್ತಿದ್ದರು. ಕೆಲವೊಮ್ಮೆ ಪಕ್ಕದಲ್ಲಿ, ‘ಈ ಲೇಖಕರಿಗೆ ಅಲ್ಪವಿರಾಮ ಪುಕ್ಕಟೆ ಸಿಕ್ಕಂತಿದೆ’ ಎಂದು ಬರೆಯುವರು. ನಾನು ಕೆಳಗೆ ‘ಹೌದು ಮಾವ, ರಾಶಿ ಸಿಕ್ಕಿದೆ’ ಎಂದು ಬರೆಯುವೆ. ನಮ್ಮ ಮಾತುಕತೆಯೆಲ್ಲ ಅಲ್ಲಿ ನಡೆಯುತ್ತಿತ್ತು, ನನಗದು ತುಂಬ ಇಷ್ಟವಾಗಿತ್ತು.

ಜಯನಗರದ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಅವರು ಸುಧಾರಿಸಿಕೊಳ್ಳುವಷ್ಟರಲ್ಲಿ ನಾನು ಹೊಸ ಕಂಪ್ಯೂಟರ್ ತಂದಿದ್ದೆ. ಹಳೆಯ ಫೋಲ್ಡರನ್ನು ಅದಕ್ಕೆ ಹಾಕಿಕೊಂಡು, ಮತ್ತೆ ಅವರಿಗೆ ಕಾಣುವಂತೆ ನಾನೇ ಹಂಚಿದೆ. ಅವರ ಕಡೆ ತೆರೆಯಿತು. ಸದ್ಯ, ಯಾರ ಹಂಗೂ ಇಲ್ಲದೆ ಮುಗಿಸಿದೆನೆಂದು ಬೀಗಿದೆ.

“ಅಪ್ಪ ಓದಿ ಮುಗಿಸ್ಯಾರ,” ಎಂದು ಗಂಡ ಸುದ್ದಿ ತಂದರು. ತೆರೆದರೆ ಒಂದು ಹನಿ ಹಳದಿಯಿಲ್ಲ. ನನ್ನ ಕೈ ಅಷ್ಟು ಪಳಗಿದೆಯೆಂದು ಖುಷಿಪಟ್ಟೆ. ಮುಂದಿನ ಅಧ್ಯಾಯವೂ ಹಾಗೇ. ಅದರ ಮುಂದಿನದರಲ್ಲಿ ನಾನು ಎರಡು ಸಾಲುಗಳನ್ನು ಮತ್ತೊಮ್ಮೆ ಟೈಪ್ ಮಾಡಿದ್ದು ನನಗೇ ಕಂಡಿತು. ಅಂಥದ್ದನ್ನು ಅವರು ಬಿಡುವುದುಂಟೆ? ಆಪರೇಷನ್ ಆದರೂ ಕಣ್ಣು ಸರಿಹೋಗಿಲ್ಲ, ಪಾಪ, ಹೇಳಲು ಸಂಕೋಚ ಎಂದುಕೊಂಡೆ. ಆ ಸಾಲುಗಳನ್ನು ಹಾಗೇ ಬಿಟ್ಟು, ಗಂಡನನ್ನು ಕೇಳಲು ಕಳಿಸಿದೆ.

“ಕಣ್ಣು ಚಲೋ ಅದಾವಂತ,” ಎಂದರು ಬಂದು. ಅಷ್ಟೇ. ಈ ಪೋಸ್ಟ್‌ಮ್ಯಾನ್ ಕೊಟ್ಟದ್ದನ್ನು ತಲುಪಿಸುತ್ತಾರೆಯೇ ಹೊರತು ಮುಖ ನೋಡಿ ಬರುವುದಿಲ್ಲ. ಮಾವನವರು ಬೆಳಗಿನ ಹೊತ್ತು ಕಂಪ್ಯೂಟರ್ ಬಿಟ್ಟು ಮಂಚದ ಮೇಲೇ ಇರತೊಡಗಿದ್ದರು. ನನಗೆ ಸಂಕಟವಾಯಿತು.

ಒಂದು ಸಂಜೆ ಅವರು ವಾಕಿಂಗ್ ಹೋದಾಗ, ಅಕ್ಷರ ದೊಡ್ಡದು ಮಾಡಿಡೋಣವೆಂದು ಅವರ ಕೋಣೆಗೆ ಹೋದೆ. ಆ ಅಧ್ಯಾಯವನ್ನೇ ತೆರೆದು, ಅಕ್ಷರ ಹಿಗ್ಗಿಸಿ ಸೇವ್ ಒತ್ತಿದೆ. ಇಲ್ಲಿ ಬರೆಯಲು ನಿಮಗೆ ಅನುಮತಿ ಇಲ್ಲ ಎಂದಿತು ಕಂಪ್ಯೂಟರ್. ಹಂಚುವಾಗ ವಿಂಡೋಸ್ ತಾನಾಗಿ ಕೊಡುವುದು ಓದುವ ಹಕ್ಕು ಮಾತ್ರ. ಬರೆಯುವ ಹಕ್ಕನ್ನು ನಾವೇ ಆರಿಸಿ ಕೊಡಬೇಕು. ನಾನು ಕೊಟ್ಟಿರಲಿಲ್ಲ.

ತಿರುಗಿದರೆ ಮಾವನವರು ಬಾಗಿಲಲ್ಲಿದ್ದರು. ರೂಢಿಯಂತೆ ನಾನು ಸರಿದು ಹೋಗಬೇಕಿತ್ತು. ಹೋಗಲಿಲ್ಲ.

“ಸೇವ್ ಆಗ್ತಿರ್ಲಿಲ್ವಾ ಮಾವ?”

“ಇಲ್ಲ.”

“ಒಂದ್ ಮಾತು ಹೇಳ್ಬಾರ್ದಿತ್ತಾ?”

ಅವರು ಮಂಚದ ತುದಿಗೆ ಕುಳಿತರು. “ಏನಂತ ಹೇಳಬೇಕವಾ? ಕಣ್ಣಿನ ಆಪರೇಷನ್ ಆದವಗ ತಿದ್ದೂದು ಸಾಕು, ಸುಮ್ನ ಓದ್ಕೊಂಡ ಇರ್ಲಿ ಅಂತ ನೀನ ಬಂದ್ ಮಾಡೀದಿ ಅಂದ್ಕೊಂಡಿದ್ದೆ. ಸೊಸಿ ಬ್ಯಾಡ ಅಂದ ಮ್ಯಾಲೆ ಕೇಳೂದು ಹ್ಯಾಂಗ?”

ನಾನು ಕೂಡಲೇ ನನ್ನ ಕೋಣೆಗೆ ಹೋಗಿ, ಅವರ ಹೆಸರಿಗೆ ಬರೆಯುವ ಅನುಮತಿ ಕೊಟ್ಟು ಬಂದೆ.

“ಈಗ ಮಾಡಿ ಮಾವ.”

ಅವರು ಕನ್ನಡಕ ಏರಿಸಿ ಕುಳಿತರು. ಮೊದಲ ಪುಟದಿಂದ ಶುರುಮಾಡಲಿಲ್ಲ. ನೇರವಾಗಿ ನಡುವಿನ ಪುಟಕ್ಕೆ ಹೋಗಿ, ನಾನು ಮತ್ತೊಮ್ಮೆ ಟೈಪ್ ಮಾಡಿದ್ದ ಆ ಎರಡು ಸಾಲಿಗೆ ಹಳದಿ ಬಳಿದು ಸೇವ್ ಒತ್ತಿದರು. ಈ ಸಲ ತಡೆಯಲಿಲ್ಲ.

“ಕಂಡಿತ್ತಾ ಇದು?” ಎಂದೆ.

“ಅವತ್ತ ಕಂಡಿತ್ತು,” ಎಂದರು. “ಹಿಂಗ ಅಚ್ಚಾಗಿ ಹೋದ್ರ ನಿನ್ನ ಹೆಸರು ಕೆಡ್ತದಲ್ಲಾ ಅಂತ ನಿದ್ದಿನ ಹತ್ತಿಲ್ಲ ನನಗ.”